ಗಾಡಿ ಬಿಟ್ಟ ಗಾರ್ಡ್, ಪ್ಲಾಟ್‌ಫಾರ್ಮ್‌ನಲ್ಲೇ ಉಳಿದ ಲೇಡಿ

(1/4)
ಥಾಮಸ್ ಗೊತ್ತಲ್ವಾ? ಮುಖ ಇರೋ ನೀಲಿ ಎಂಜಿನ್, ಚಿಕ್ಕವರಿದ್ದಾಗ ಟಿವಿಯಲ್ಲಿ ನೋಡ್ತಿದ್ವಲ್ಲ, ಅದೇ. ಅದನ್ನು ಸೃಷ್ಟಿಸಿದ ವಿಲ್ಬರ್ಟ್ ಆಡ್ರಿ ಇಂಗ್ಲೆಂಡಿನ ಒಬ್ಬ ಪಾದ್ರಿ. 1942ರಲ್ಲಿ ಮಗ ಕ್ರಿಸ್ಟಫರ್ ದಡಾರ ಬಂದು ಮಲಗಿದ್ದಾಗ ಹೇಳಿದ ರೈಲಿನ ಕಥೆಗಳಿಂದ ಎಲ್ಲಾ ಶುರು. ಆಮೇಲೆ ಮಗನಿಗೆ ಮರದಲ್ಲಿ ಎಂಜಿನ್ ಮಾಡಿಕೊಟ್ಟರು. ಗೋರ್ಡನ್‌ನಂಥ ದೊಡ್ಡ ಎಂಜಿನ್ ಬೇಕು ಅಂತ ಮಗನ ಹಟ. ಯುದ್ಧದ ಕಾಲ, ಸಾಮಾನು ಸಿಗಲ್ಲ. ಇದ್ದದ್ದರಲ್ಲಿ ಒಂದು ಪುಟ್ಟ ಎಂಜಿನ್ ಆಯ್ತು. ಅದೇ ಥಾಮಸ್.

ಇದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಇದೇ ಮನುಷ್ಯ ಮುಂದೆ ನಿಜವಾದ ರೈಲಿನಲ್ಲಿ ಸಂಬಳವಿಲ್ಲದ ಗಾರ್ಡ್ ಆಗಿದ್ದರು, ಒಂದು ಭಾರಿ ಎಡವಟ್ಟು ಮಾಡಿದರು ಅನ್ನೋದು ಗೊತ್ತಾ?

(2/4)
ಮೊದಲು ಆ ರೈಲಿನ ಕಥೆ. ವೇಲ್ಸ್ ದೇಶದ ಸಮುದ್ರದಂಚಿನ ಊರು ಟವಿನ್. ಅಲ್ಲಿಂದ ಬೆಟ್ಟದ ಕಡೆ ಹೋಗೋದು ಟಾಲಿಲ್ಲಿನ್ ರೈಲ್ವೆ. (ಈ ಹೆಸರುಗಳನ್ನು ನಾನು ಸರಿಯಾಗಿ ಉಚ್ಚರಿಸ್ತೀನಿ ಅಂತ ಭ್ರಮೆ ಬೇಡ.) 1865ರಲ್ಲಿ ಶುರುವಾಗಿದ್ದು ಸ್ಲೇಟ್ ಸಾಗಿಸೋಕೆ. ನಾವು ಅಆಇಈ ತಿದ್ದಿದ ಅದೇ ಸ್ಲೇಟ್ ಕಲ್ಲು. ಅಲ್ಲಿ ಮನೆಯ ಮಾಡಿಗೆ ಹೊದಿಸ್ತಾರೆ. ಹಳಿಗಳ ನಡುವಿನ ಅಂತರ ಬರೀ ಎರಡೂಕಾಲು ಅಡಿ, ಇಡೀ ಲೈನ್ ಉದ್ದ 12 ಕಿಲೋಮೀಟರ್ ಮುಟ್ಟಲ್ಲ. ಟವಿನ್‌ನ ವಾರ್ಫ್ ಸ್ಟೇಷನ್‌ನಲ್ಲಿ ಕಲ್ಲನ್ನು ಇಳಿಸಿ ದೊಡ್ಡ ರೈಲಿಗೆ ತುಂಬುತ್ತಿದ್ದರು.

1946ರಲ್ಲಿ ಕ್ವಾರಿ ಕುಸಿದು ಮುಚ್ಚಿತು. ಸರಕೇ ಇಲ್ಲ ಅಂದ್ಮೇಲೆ ರೈಲು ಯಾಕೆ? ಆದರೆ ಮಾಲೀಕ ಸರ್ ಹೇಡನ್ ಜೋನ್ಸ್, ನಾನು ಬದುಕಿರುವವರೆಗೂ ಓಡಿಸ್ತೀನಿ ಅಂದಿದ್ದರು, ನಷ್ಟದಲ್ಲೇ ಓಡಿಸಿದರು. 1948ರಲ್ಲಿ ಸರ್ಕಾರ ರೈಲುಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಇದನ್ನು ಪಟ್ಟಿಗೇ ಸೇರಿಸಿರಲಿಲ್ಲ. 1950ರ ಜುಲೈನಲ್ಲಿ ಜೋನ್ಸ್ ತೀರಿಕೊಂಡರು.

(3/4)
ಆ ಅಕ್ಟೋಬರ್‌ನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಸಭೆ ಕರೆದು, ನಾವೇ ಓಡಿಸೋಣ ಅಂದರು. ಅಲ್ಲಿವರೆಗೆ ಪ್ರಪಂಚದಲ್ಲಿ ಎಲ್ಲೂ ಸ್ವಯಂಸೇವಕರು ಒಂದು ರೈಲ್ವೆಯನ್ನು ಉಳಿಸಿ ಓಡಿಸಿದ್ದೇ ಇಲ್ಲ. ಚಂದಾನೂ ಇವರೇ ಕಟ್ಟಬೇಕು, ಬಂದು ಪುಕ್ಕಟೆ ಕೆಲಸಾನೂ ಇವರೇ ಮಾಡಬೇಕು! ನಾನು ಓದೋ ಬಿಕಾಂನಲ್ಲಿ ಇದನ್ನು ಯಾವ ಕಾಲಮ್ಮಿಗೆ ಹಾಕೋದು ಅಂತ ಯಾರೂ ಹೇಳಿಕೊಟ್ಟಿಲ್ಲ.

1951ರ ಮೇ 14ರಂದು ಮೊದಲ ಗಾಡಿ ಹೊರಟಿತು. ಓಡೋ ಸ್ಥಿತಿಯಲ್ಲಿದ್ದದ್ದು ಒಂದೇ ಎಂಜಿನ್, 1866ರ ಡೊಲ್ಗೋಕ್. ಅದು ಕೆಟ್ಟು ನಿಂತರೆ ಕಥೆ ಮುಗೀತು. ಸ್ಲೀಪರ್‌ಗಳು ಕೊಳೆತು, ಹಳಿ ಜರುಗದಂತೆ ಕೆಲವು ಕಡೆ ಹಿಡಿದಿದ್ದದ್ದು ಬೆಳೆದ ಹುಲ್ಲೇ. ಪಕ್ಕದ ಕೊರಿಸ್ ರೈಲ್ವೆ 1948ರಲ್ಲಿ ಮುಚ್ಚಿತ್ತು, ಅದೃಷ್ಟಕ್ಕೆ ಅದರದ್ದೂ ಎರಡೂಕಾಲು ಅಡಿಯೇ. ಅಲ್ಲಿನ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡಿಗೆ ತಂದರು. ಒಂದಕ್ಕೆ ಸರ್ ಹೇಡನ್ ಅಂತ ಹೆಸರಿಟ್ಟು ಹಳಿಗೆ ಇಳಿಸಿದರೆ, ಅದರ ಚಕ್ರದ ಅಗಲ ಸಾಲದೆ ಅಗಲವಾಗಿದ್ದ ಹಳಿಗಳ ನಡುವೆ ಬೀಳೋಕೆ ಶುರುವಾಯ್ತು. ಇನ್ನೊಂದು ಎಡ್ವರ್ಡ್ ಥಾಮಸ್. ಅದನ್ನು ಲೀಡ್ಸ್‌ನ ಹನ್ಸ್‌ಲೆಟ್ ಕಂಪನಿ ಕಾಸು ತಗೊಳ್ಳದೆ ರಿಪೇರಿ ಮಾಡಿಕೊಟ್ಟಿತು.

ಇಂಥ ಜಾಗಕ್ಕೆ 1952ರಲ್ಲಿ ಆಡ್ರಿ ಬಂದರು. ರಜೆಯಲ್ಲಿ ಗಾರ್ಡ್ ಕೆಲಸ. ಅಬರ್‌ಗನೊಲ್ವಿನ್ ಸ್ಟೇಷನ್‌ನಲ್ಲಿ ಟೀ-ತಿಂಡಿ ಮಾರೋ ಲೇಡಿ ಇನ್ನೂ ಹತ್ತೇ ಇಲ್ಲ, ಸಾರ್ ಹಸಿರು ಬಾವುಟ ತೋರಿಸಿಬಿಟ್ಟರು. ಗಾಡಿ ಹೊರಟೇಬಿಡ್ತು, ಲೇಡಿ ಅಲ್ಲೇ.

ನಮ್ಮ ಫೆಸ್ಟ್‌ಗಳಲ್ಲಿ ವಾಲಂಟಿಯರ್ ಆಗಿ ಎಡವಟ್ಟು ಮಾಡಿದವರೆಲ್ಲ ಮಾರನೇ ದಿನ ಗ್ರೂಪ್‌ನಿಂದ ಎಕ್ಸಿಟ್. (ನಾನೂ ಆಗಿದ್ದೀನಿ.) ಆಡ್ರಿ ಅದನ್ನೇ ಬರೆದು ಅಚ್ಚು ಹಾಕಿಸಿದರು: 1955ರ 'ಫೋರ್ ಲಿಟ್ಲ್ ಎಂಜಿನ್ಸ್' ಪುಸ್ತಕದಲ್ಲಿ ಪೀಟರ್ ಸ್ಯಾಮ್ ಅನ್ನೋ ಎಂಜಿನ್ ರೆಫ್ರೆಶ್‌ಮೆಂಟ್ ಲೇಡಿಯನ್ನು ಬಿಟ್ಟು ಓಡುತ್ತೆ. ಪೀಟರ್ ಸ್ಯಾಮ್ ಅಂದ್ರೆ ಎಡ್ವರ್ಡ್ ಥಾಮಸ್. ಪಾಪ, ತಪ್ಪು ಗಾರ್ಡಿಂದು, ಹೆಸರು ಕೆಟ್ಟಿದ್ದು ಎಂಜಿನ್‌ದು. ಸರ್ ಹೇಡನ್ ಕೂಡ ಸರ್ ಹ್ಯಾಂಡಲ್ ಆಗಿ ಕಥೆ ಸೇರಿತು, ಅದರ ಚಕ್ರದ ತಾಪತ್ರಯವೂ ಬಿಡಲಿಲ್ಲ!

(4/4)
ಮನೆಯಲ್ಲಿ ಮಾಡೆಲ್ ಕಟ್ಟೋದನ್ನೂ ಆಡ್ರಿ ನಿಲ್ಲಿಸಲಿಲ್ಲ. ಥಾಮಸ್‌ನ ಬ್ರಾಂಚ್ ಲೈನನ್ನೇ ಪುಟ್ಟದಾಗಿ ಕಟ್ಟಿ, ಮಾಡೆಲ್ ರೈಲ್ವೆ ಪ್ರದರ್ಶನಗಳಿಗೆ ಒಯ್ಯುತ್ತಿದ್ದರು. 1997ರಲ್ಲಿ ತೀರಿಕೊಂಡರು. ಅವರು ಕೂತು ಬರೀತಿದ್ದ ಕೋಣೆಯನ್ನು ಅವರ ಸಾಮಾನುಗಳ ಜೊತೆ ಹಾಗೇ ಮರುಜೋಡಿಸಿ ಇಟ್ಟಿರೋದು ಎಲ್ಲಿ ಹೇಳಿ? ಅದೇ ವಾರ್ಫ್ ಸ್ಟೇಷನ್ನಿನ ಮ್ಯೂಸಿಯಂನಲ್ಲಿ. ಹೊರಗೆ ಪ್ಲಾಟ್‌ಫಾರ್ಮ್‌ನಲ್ಲಿ ಎಡ್ವರ್ಡ್ ಥಾಮಸ್ ಬಂದು ನಿಂತಾಗ ಬಾವುಟ ಹಿಡಿಯೋರು ಇವತ್ತಿಗೂ ಹೆಚ್ಚಾಗಿ ವಾಲಂಟಿಯರ್‌ಗಳೇ.

ನೀವು ವಾಲಂಟಿಯರ್ ಆಗಿ ಯಾರನ್ನ ಬಿಟ್ಟು ಬಂದಿದ್ರಿ? ಕಾಮೆಂಟ್‌ನಲ್ಲಿ ಒಪ್ಕೊಳ್ಳಿ. ಮುಂದಿನ ಸರಣಿ ಡಾರ್ಜಿಲಿಂಗ್.