ಕ್ಯಾಸನೂರು ಕಾಡಿನ ವಿಷಾಣು

1957ರ ಆದಿಭಾಗದಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತುಬೀಳುತ್ತಿರಲು, ಸೌದೆ ಸೊಪ್ಪುಗಳಿಗಾಗಿ ಅಲ್ಲಿಗೆ ಹೋಗಿಬಂದವರು ತೀವ್ರ ಜ್ವರದಿಂದ ಹಾಸಿಗೆ ಹಿಡಿಯುತ್ತಿರಲು, ಆ ವಾರ್ತೆಯು ಪುಣೆಯ ವಿಷಾಣು ಸಂಶೋಧನ ಕೇಂದ್ರವನ್ನು ಮುಟ್ಟಿತು. ಎರಡಕ್ಕೂ ಸಂಬಂಧವುಂಟೆಂದು ಊರವರು ಆಗಲೇ ಗ್ರಹಿಸಿದ್ದರು. ಆ ಗ್ರಹಿಕೆಗೆ ಸಲ್ಲಬೇಕಾದ ಗೌರವ ದೊಡ್ಡದು. ಕೇಂದ್ರದ ನಿರ್ದೇಶಕರಾಗಿದ್ದ ಅಮೆರಿಕದ ವೈದ್ಯ ಟೆಲ್ಫೋರ್ಡ್ ವರ್ಕ್ ಅವರು ಮೊದಲು ಶಂಕಿಸಿದುದು ಪೀತಜ್ವರವನ್ನು. ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಕೋತಿಗಳ ಮರಣವೇ ಅದರ ಮುನ್ಸೂಚನೆಯಷ್ಟೆ, ಅದುವರೆಗೆ ಏಷ್ಯಾಖಂಡವನ್ನೇ ಕಾಣದಿದ್ದ ಆ ವ್ಯಾಧಿ ಇಲ್ಲಿಗೂ ಕಾಲಿಟ್ಟಿದ್ದರೆ ಆಗುತ್ತಿದ್ದ ಅನಾಹುತ ಊಹಾತೀತವಾದುದು.

ಆದರೆ ಸತ್ತ ಮುಸುವದ ಅಂಗಾಂಶಗಳಿಂದಲೂ ರೋಗಿಗಳ ರಕ್ತದಿಂದಲೂ ಬೇರ್ಪಡಿಸಿದ ವಿಷಾಣುವನ್ನು ಇಲಿಮರಿಗಳಲ್ಲಿ ಬೆಳೆಯಿಸಿ, ಪರಿಚಿತ ವಿಷಾಣುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳೊಡನೆ ಹೊಂದಿಸಿ ನೋಡಿದಾಗ, ಅದರ ಬಾಂಧವ್ಯ ಕಂಡುಬಂದುದು ಬಹುದೂರದ ರಷ್ಯಾದ ವಸಂತ-ಗ್ರೀಷ್ಮ ಮಿದುಳುಜ್ವರದೊಡನೆ! ಈ ಕುಲದ ವಾಹಕ ಸೊಳ್ಳೆಯಲ್ಲ, ಉಣುಗು. ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಗಳ ನಡುವೆ ಉಳಿದು, ಎಳ್ಳಿನಷ್ಟು ಚಿಕ್ಕ ಮರಿಗಳ ಅವಸ್ಥೆಯಲ್ಲಿಯೇ ದಾರಿ ನಡೆವವರ ಕಾಲನ್ನೇರುವುವು. ಉತ್ತರದಿಂದ ವಲಸೆ ಬರುವ ಹಕ್ಕಿಗಳೇ ಈ ವಿಷಾಣುವನ್ನು ತಂದುವೇ ಎಂಬ ಸಂದೇಹವನ್ನು ಪರಿಶೀಲಿಸಲೋಸುಗ, ಮುಂದೆ ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಸಾವಿರಾರು ಪಕ್ಷಿಗಳ ಕಾಲಿಗೆ ಉಂಗುರ ತೊಡಿಸಲಾಯಿತು. ನಿಶ್ಚಿತ ಪ್ರಮಾಣವು ಮಾತ್ರ ದೊರೆಯಲಿಲ್ಲ.