ಬೈಕ್ ರೇಸ್ ಹುಮನಾಬಾದಿಗೆ ಬಂದ ದಾರಿ

ಇಟಲಿಯ ಮುಜೆಲ್ಲೊ ಪಥದಲ್ಲಿ 2023ರಲ್ಲಿ ಬ್ರ್ಯಾಡ್ ಬಿಂಡರ್ ಎಂಬ ಸವಾರ ಗಂಟೆಗೆ 366.1 ಕಿಮೀ ವೇಗ ಮುಟ್ಟಿದ. ಅಂದರೆ ಸೆಕೆಂಡಿಗೆ ಸುಮಾರು 102 ಮೀಟರ್. ಯೂರೋಪಿನಲ್ಲಿ ಮಧ್ಯಾಹ್ನ 2 ಗಂಟೆಗೆ ಶುರುವಾಗುವ ಇಂಥ ರೇಸನ್ನು ಬೇಸಿಗೆಯ ಭಾನುವಾರಗಳಲ್ಲಿ ನಮ್ಮ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಸಂಜೆ ಐದೂವರೆಗೆ ನೋಡಬಹುದು. ಪರದೆಯ ಮೂಲೆಯಲ್ಲಿ ‘ನೇರ ಪ್ರಸಾರ’ ಎಂದಿರುತ್ತದೆ. ಅದು ಎಷ್ಟು ನೇರ? ಈ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ಮೋಟಾರ್ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1949ರಲ್ಲಿ. ಆಗ ಬೀದರ್ ಜಿಲ್ಲೆಯಲ್ಲಿ ಟೆಲಿವಿಷನ್ ಎಂಬ ಮಾತೇ ಇರಲಿಲ್ಲ. ಈ ಭಾಗಕ್ಕೆ ಅದು ಬಂದದ್ದು ನೆಲದ ಗೋಪುರದಿಂದಲ್ಲ, ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ 3 ಮೀಟರ್ ವ್ಯಾಸದ ತಟ್ಟೆಯೇ ಆಂಟೆನಾ. ಬೇಸಾಯ, ಆರೋಗ್ಯ, ಶಾಲಾಪಾಠ ಅದರ ವಿಷಯಗಳು. ರೇಸಿಗೆ ಅಲ್ಲಿ ಜಾಗವಿರಲಿಲ್ಲ. ಪಕ್ಕದ ಬೀದರ್ ಜಿಲ್ಲೆಯಂತೂ ಪಟ್ಟಿಯಲ್ಲೇ ಇರಲಿಲ್ಲ.

ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ (2014ರಿಂದ ಕಲಬುರಗಿ) ನೆಲದ ಪ್ರಸಾರ ಕೇಂದ್ರ ಶುರುವಾಯಿತು. ಇಲ್ಲಿ ಒಂದು ಸರಳ ಲೆಕ್ಕ. ಗೋಪುರದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ಅಲೆಯ ದಿಗಂತ ಕಿಮೀಗಳಲ್ಲಿ ಸಿಗುತ್ತದೆ. ಗೋಪುರ 100 ಮೀಟರ್ ಎಂದುಕೊಳ್ಳಿ, 41 ಕಿಮೀ ಆಯಿತು. ಮನೆಯ ಮೇಲಿನ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ ಇನ್ನು 12 ಕಿಮೀ. ಒಟ್ಟು 53. ಕಲಬುರಗಿಯಿಂದ ನೇರ ರೇಖೆಯಲ್ಲಿ ಹುಮನಾಬಾದ್, ಬಸವಕಲ್ಯಾಣ ಎರಡೂ ಸುಮಾರು 60 ಕಿಮೀ! ಸಮತಟ್ಟು ನೆಲದ ಲೆಕ್ಕದಲ್ಲಿ ಎರಡೂ ಊರು ದಿಗಂತದ ಅಂಚಿನಾಚೆ ಬೀಳುತ್ತವೆ. ಬೀದರಿನ ಪ್ರಸ್ಥಭೂಮಿ ಕಲಬುರಗಿಗಿಂತ ಎತ್ತರದಲ್ಲಿರುವುದು ದಿಬ್ಬದ ಮೇಲಿನ ಮನೆಗೆ ಅನುಕೂಲ, ತಗ್ಗಿನ ಓಣಿಗೆ ಅದೇ ಏರು ಅಡ್ಡ. ದಿಗಂತದ ಅಂಚಿನಲ್ಲಿರುವ ಊರುಗಳಲ್ಲಿ ಎತ್ತರದ ಕಂಬ, ಬೂಸ್ಟರ್, ಪರದೆಯ ತುಂಬ ಚುಕ್ಕಿಗಳು ಏಕೆ ಬೇಕಾದವು, ಏಕೆ ಬಂದವು ಎಂಬುದು ಇದರಿಂದ ತಿಳಿಯುತ್ತದೆ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು, ಸಣ್ಣ ಮರುಪ್ರಸಾರ ಕೇಂದ್ರಗಳು ದೇಶವಿಡೀ ಹರಡಿದವು. ಚಿತ್ರ ಸ್ವಚ್ಛವಾಯಿತು, ಆದರೆ ವಾಹಿನಿ ಒಂದೇ.

ರೇಸ್ ನೋಡುವವರಿಗೆ ನಿಜವಾದ ತಿರುವು 1990ರ ದಶಕ. 1991ರಲ್ಲಿ ಸ್ಟಾರ್ ವಾಹಿನಿಗಳು ಬಂದವು, ಊರೂರಿಗೆ ಕೇಬಲ್ ಹಬ್ಬಿತು. ಅತ್ತ 1992ರಿಂದ ಚಾಂಪಿಯನ್‌ಷಿಪ್‌ನ ಪ್ರಸಾರದ ಹಕ್ಕು ಸ್ಪೇನಿನ ಡೋರ್ನಾ ಸಂಸ್ಥೆಯ ಕೈಸೇರಿತು. ಇಡೀ ವರ್ಷದ ರೇಸುಗಳನ್ನು ಒಂದೇ ಗಂಟಾಗಿ ಕ್ರೀಡಾವಾಹಿನಿಗಳಿಗೆ ಮಾರುವುದು ಸುಲಭವಾಯಿತು. 2002ರಲ್ಲಿ ಮುಖ್ಯ ವರ್ಗಕ್ಕೆ ‘ಮೋಟೊಜಿಪಿ’ ಎಂಬ ಹೆಸರು ಬಂತು. ಅದೇ ಹೊತ್ತಿಗೆ ಅದೇ ವಾಹಿನಿಯಲ್ಲಿ ಕ್ರಿಕೆಟ್ ಇದ್ದರೆ ಯಾವುದಕ್ಕೆ ಮೊದಲ ಮಣೆ ಎಂದು ಹೇಳಬೇಕಾಗಿಲ್ಲ.

ನಮ್ಮ ಹಳೆಯ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು. 102 ಮೀಟರನ್ನು 25ರಿಂದ ಭಾಗಿಸಿ: ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬೈಕು 4 ಮೀಟರ್, ಅಂದರೆ ತನ್ನ ಎರಡು ಪಟ್ಟು ಉದ್ದದಷ್ಟು ಮುಂದೆ ಹೋಗಿರುತ್ತದೆ. ಕ್ಯಾಮೆರಾ ಬೈಕಿನ ಜೊತೆಗೇ ತಿರುಗುವುದರಿಂದ ಆ ಜಿಗಿತ ನಮಗೆ ಕಾಣುವುದಿಲ್ಲ. ಹಿಂದಿನ ಬೇಲಿ, ಜನ ಮಸುಕಾಗುತ್ತಾರೆ ಅಷ್ಟೆ. ಬೈಕಿಗೇ ಕಟ್ಟಿದ ಕ್ಯಾಮೆರಾದ್ದು ಬೇರೆ ಕಥೆ. ಗಟ್ಟಿಯಾಗಿ ಬಿಗಿದದ್ದಾದರೆ ಬೈಕಿನೊಡನೆ ತಾನೂ ವಾಲುತ್ತದೆ; ಆಗ ಬೈಕು ನೆಟ್ಟಗಿದ್ದು ಭೂಮಿಯೇ ವಾಲಿದಂತೆ ತೋರುತ್ತದೆ. ಗೈರೋಸ್ಕೋಪ್ ಕ್ಯಾಮೆರಾ ದಿಗಂತವನ್ನು ಸಮವಾಗಿ ಹಿಡಿಯುತ್ತದೆ. ಅದು ಬಂದ ಮೇಲೆಯೇ ಸವಾರ 60 ಡಿಗ್ರಿಗೂ ಮೀರಿ ವಾಲುವುದು ಮನೆಯ ಪರದೆಯಲ್ಲಿ ಕಣ್ಣಿಗೆ ಕಟ್ಟಿದ್ದು.

ಇಲ್ಲಿ ಪರದೆ ಒಂದು ಸಂಗತಿಯನ್ನು ಮುಚ್ಚಿಡುತ್ತದೆ. ವಾಲುವ ಕೋನದ ಟ್ಯಾಂಜೆಂಟ್ ಎಷ್ಟೋ, ಟೈರಿಗೂ ನೆಲಕ್ಕೂ ಇರಬೇಕಾದ ಘರ್ಷಣಾಂಕ ಸ್ಥೂಲವಾಗಿ ಅಷ್ಟು. 60 ಡಿಗ್ರಿಗೆ 1.73. ಕಾಯಿಸಿದ ಮೆತ್ತನೆಯ ರೇಸ್ ಟೈರು, ವಿಶೇಷ ಡಾಂಬರು ಇದ್ದರೆ ಮಾತ್ರ ಅದು ಸಾಧ್ಯ. ಒಣ ರಸ್ತೆಯಲ್ಲಿ ಸಾಮಾನ್ಯ ಟೈರಿಗೆ 0.8 ಎಂದು ಹಿಡಿದರೆ ಮಿತಿ 39 ಡಿಗ್ರಿ. ಅದೇ ರಸ್ತೆಯ ಮೇಲೆ ಮರಳು ಚೆಲ್ಲಿ ಘರ್ಷಣಾಂಕ 0.3ಕ್ಕೆ ಇಳಿದರೆ 17 ಡಿಗ್ರಿಗೇ ಚಕ್ರ ಜಾರುತ್ತದೆ. ಪುಣೆ-ಹೈದರಾಬಾದ್ ಹೆದ್ದಾರಿ ಹಾದುಹೋಗುವ ಹುಮನಾಬಾದಿನಲ್ಲಿ ಭಾನುವಾರ ರೇಸ್ ನೋಡಿ ಸೋಮವಾರ ಬೈಕ್ ಹತ್ತುವ ಹುಡುಗರಿಗೆ ಈ ಮೂರು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದು ಒಳ್ಳೆಯದು.

2003ರಿಂದ ಡಿಟಿಎಚ್ ತಟ್ಟೆಗಳು, 2016ರ ಸೆಪ್ಟೆಂಬರಿನಿಂದ ಜಿಯೋದ ಅಗ್ಗದ 4ಜಿ. 2023ರ ಸೆಪ್ಟೆಂಬರ್ 24ರಂದು ಗ್ರೇಟರ್ ನೊಯ್ಡಾದ ಬುದ್ಧ ಪಥದಲ್ಲಿ ಭಾರತದ ಮೊದಲ ಮೋಟೊಜಿಪಿ ನಡೆದಾಗ ಅದು ಸ್ಪೋರ್ಟ್ಸ್18 ವಾಹಿನಿಯಲ್ಲೂ ಜಿಯೋಸಿನಿಮಾದಲ್ಲೂ ಬಂತು. (ಜಿಯೋಸಿನಿಮಾ 2025ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಜೊತೆ ವಿಲೀನವಾಯಿತು.) ಸೆಕೆಗೆ ಹೆದರಿ 24 ಸುತ್ತುಗಳನ್ನು 21ಕ್ಕೆ ಇಳಿಸಲಾಗಿತ್ತು, ಗೆದ್ದವನು ಮಾರ್ಕೊ ಬೆಜೆಕ್ಕಿ. 2024, 2025ರಲ್ಲಿ ಇಲ್ಲಿ ರೇಸ್ ನಡೆಯಲಿಲ್ಲ.

ಈಗ ವಿಚಿತ್ರ ನೋಡಿ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಮೀ ಎತ್ತರದಲ್ಲಿದೆ. ಹೋಗಿ ಬರಲು ಅಲೆಗೆ ಹಿಡಿಯುವುದು ಕಾಲು ಸೆಕೆಂಡು. ನೊಯ್ಡಾದಿಂದ ಹುಮನಾಬಾದಿಗೆ ನೆಲದ ಮೇಲೆ ನೇರ ದೂರ ಸುಮಾರು 1,200 ಕಿಮೀ. ಬೆಳಕಿನ ಎಳೆಯಲ್ಲಿ ಇದು ಸೆಕೆಂಡಿನ ನೂರನೇ ಒಂದು ಭಾಗವೂ ಅಲ್ಲ. ಆದರೂ ಮೊಬೈಲಿನಲ್ಲಿ ನೋಡುವವನೇ ಸಾಮಾನ್ಯವಾಗಿ ಹಿಂದೆ! ಕಾರಣ ದಾರಿಯ ಉದ್ದವಲ್ಲ, ಕಾಯುವಿಕೆ. ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಲಾಗುತ್ತದೆ. ಸಿಗ್ನಲ್ ಕುಂದಿದಾಗ ಚಿತ್ರ ನಿಲ್ಲದಿರಲೆಂದು ಫೋನು ಒಂದೆರಡು ತುಂಡುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಹೀಗೆ 30 ಸೆಕೆಂಡು ತಡವಾಗುವುದು ಅಪರೂಪವಲ್ಲ. ಸರಾಸರಿ ಗಂಟೆಗೆ 170 ಕಿಮೀ ವೇಗದಲ್ಲಿ ಅಷ್ಟರೊಳಗೆ ಬೈಕು 1.4 ಕಿಮೀ ಓಡಿರುತ್ತದೆ. ಕೊನೆಯ ಸುತ್ತಾದರೆ ಫಲಿತಾಂಶವೇ ಬಂದಿರುತ್ತದೆ.

ಟಿವಿ ಮತ್ತು ಮೊಬೈಲ್ ಎರಡರಲ್ಲೂ ಒಂದೇ ಪಂದ್ಯ ಬರುವ ದಿನ, ಅಕ್ಕಪಕ್ಕ ಇಟ್ಟು ಕೈಗಡಿಯಾರದಿಂದ ಈ ಅಂತರವನ್ನು ಅಳೆಯಬಹುದು. ಪೇಟೆಯ ನಡುವೆ ಒಮ್ಮೆ, ಊರ ಹೊರಗಿನ ಹೊಲದಲ್ಲಿ ಇನ್ನೊಮ್ಮೆ ಅಳೆದು, ಫೋನನ್ನು ಮುಚ್ಚಿ ತೆರೆದು ಮತ್ತೆ ಅಳೆದರೆ ಪ್ರತಿಸಲವೂ ಬೇರೆ ಬೇರೆ ಅಂಕಿ ಸಿಗಬಹುದು.