ಒಳಕೋಣೆಗೆ ತಂತಿ ನಡೆದುಬಂದ ದಾರಿ

ಬೀದಿಯ ಕಂಬದಿಂದ ಇಳಿದು ಬಂದ ಗಾಜಿನ ಎಳೆಯು ಮನೆಯ ಮುಂಗೋಡೆಯನ್ನು ದಾಟಿ, ಹಜಾರದ ಒಂದು ಮೂಲೆಯಲ್ಲಿ ಮೊಳೆಗೆ ತೂಗಿಸಿದ ಪುಟ್ಟ ಪೆಟ್ಟಿಗೆಯಲ್ಲಿ ಕೊನೆಗೊಳ್ಳುವುದು ಇಂದು ನಮ್ಮ ನಾಡಿನ ಪಟ್ಟಣಗಳಲ್ಲಿ ಮಾತ್ರವಲ್ಲದೆ ಅನೇಕ ಗ್ರಾಮಗಳಲ್ಲಿಯೂ ಕಾಣಬರುವ ವ್ಯವಸ್ಥೆ. ಸಂಪರ್ಕ ಕೊಡಲು ಬಂದವನಿಗೆ ಯಾವ ಗೋಡೆ ಹತ್ತಿರವೋ ಅಲ್ಲಿಯೇ ರೂಟರಿನ ಪ್ರತಿಷ್ಠೆಯಾಗುತ್ತದೆ. ಆದರೆ ಅದರ ಅಗತ್ಯವಿರುವುದು ಅನೇಕ ವೇಳೆ ಮನೆಯ ಮತ್ತೊಂದು ತುದಿಯಲ್ಲಿ, ಪರೀಕ್ಷೆಗೆ ಓದುವ ಮಗಳ ಹಿಂಬದಿಯ ಕೋಣೆಯಲ್ಲಿ, ಮಹಡಿಯ ಮೇಲೆ ಕಚೇರಿಯ ಕೆಲಸವನ್ನು ನಡೆಸುವ ಮಗನ ಮೇಜಿನಲ್ಲಿ. ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ, ಬಯಲುಸೀಮೆಯ ಕಲ್ಲುಗೋಡೆಯಾಗಲಿ, ಕಬ್ಬಿಣದ ಸರಳುಗಳನ್ನು ಒಡಲಲ್ಲಿಟ್ಟುಕೊಂಡ ಕಾಂಕ್ರೀಟಿನ ತಾರಸಿಯಾಗಲಿ, ನಡುವೆ ನಿಂತು ರೇಡಿಯೋ ಅಲೆಗಳನ್ನು ತಡೆಯುವುದರಲ್ಲಿ ಒಂದಕ್ಕೊಂದು ಕಡಮೆಯಲ್ಲ, ಅದರಲ್ಲಿಯೂ 2.4 ಗಿಗಾಹರ್ಟ್ಸಿನ ಅಲೆಗಿಂತ ಹೆಚ್ಚು ಮಾಹಿತಿಯನ್ನು ಒಯ್ಯಬಲ್ಲ 5 ಗಿಗಾಹರ್ಟ್ಸಿನ ಅಲೆಯೇ ಗೋಡೆಯ ಮುಂದೆ ಬೇಗ ಸೋಲುತ್ತದೆ. ಇದಕ್ಕೆ ನಂಬಿಕೆಗೆ ತಕ್ಕ ಪರಿಹಾರವೆಂದರೆ ರೂಟರಿನಿಂದ ಆ ಕೋಣೆಯವರೆಗೆ ಒಂದು ತಂತಿಯನ್ನು ಎಳೆಯುವುದು. ಈ ಸಾಧಾರಣ ತಂತಿಯ ಹಿಂದೆ ಸುಮಾರು ನೂರನಲವತ್ತು ವರ್ಷಗಳ ಚರಿತ್ರೆಯುಂಟು. ಅದನ್ನು ಬಲ್ಲ ಗೃಹಸ್ಥನು ತನ್ನ ಮನೆಯ ಗೋಡೆಯನ್ನು ಮೊದಲಿಗಿಂತ ಹೆಚ್ಚು ವಿವೇಕದಿಂದ ನೋಡುವನೆಂಬುದು ನನ್ನ ನಂಬಿಕೆ.

ಅಲೆಗ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದಾಗ, ಆ ಹೊಸ ಯಂತ್ರವು ತನಗಿಂತ ಹಿರಿದಾದ ಟೆಲಿಗ್ರಾಫಿನ ಪದ್ಧತಿಯನ್ನೇ ಅನುಸರಿಸಿತು: ಎರಡು ಸ್ಥಳಗಳ ನಡುವೆ ಒಂದೇ ತಂತಿ, ವಿದ್ಯುತ್ಪ್ರವಾಹವು ಹಿಂದಿರುಗುವ ಮಾರ್ಗವಾಗಿ ಭೂಮಿ. ಚುಕ್ಕೆ ಗೆರೆಗಳ ಒರಟು ಸಂಜ್ಞೆಗಳಿಗೆ ಸಾಕಾಗಿದ್ದ ಈ ಏರ್ಪಾಡು ಮನುಷ್ಯಧ್ವನಿಯ ಸೂಕ್ಷ್ಮವಾದ ಏರಿಳಿತಗಳಿಗೆ ಸಾಲದಾಯಿತು. ಪಕ್ಕದ ತಂತಿಯಲ್ಲಿ ನಡೆಯುವ ಸಂಭಾಷಣೆ ಈ ತಂತಿಯಲ್ಲಿ ಕೇಳಿಸುವುದು, ಗಾಳಿಯಲ್ಲಿ ವಿದ್ಯುತ್ಕ್ಷೋಭೆಯಾದಾಗ ಕಿವಿಗೆ ಕರಕರ ಶಬ್ದ ಬಡಿಯುವುದು ನಿತ್ಯದ ಉಪದ್ರವವಾಯಿತು. ಮುಂದೆ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿ, ಅವುಗಳ ಪ್ರಬಲವಾದ ಪ್ರವಾಹವೂ ಅದೇ ನೆಲದ ಮೂಲಕ ಹಿಂದಿರುಗತೊಡಗಿದಾಗ, ಒಂಟಿತಂತಿಯ ದೂರವಾಣಿಯಲ್ಲಿ ಮಾತು ಕೇಳುವುದೇ ದುಸ್ತರವಾಯಿತು. ಭೂಮಿಯನ್ನು ಬಿಟ್ಟು, ಹೋಗುವುದಕ್ಕೊಂದು ಬರುವುದಕ್ಕೊಂದು ಎಂದು ಎರಡು ತಂತಿಗಳನ್ನು ಹೂಡುವುದು ಇದಕ್ಕೆ ಮೊದಲ ಮದ್ದು. ಆ ಎರಡನ್ನೂ ಒಂದಕ್ಕೊಂದು ಹೊಸೆದುಬಿಡಬೇಕೆಂಬುದು ಬೆಲ್ 1881ರಲ್ಲಿ ಪಡೆದ ಇನ್ನೊಂದು ಪೇಟೆಂಟಿನ ಸಾರ. ದೂರವಾಣಿಯ ಕೀರ್ತಿಯ ನೆರಳಿನಲ್ಲಿ ಮರೆಯಾದ ಈ ಎರಡನೆಯ ಕಲ್ಪನೆಯೇ ಇಂದು ನಮ್ಮ ಮನೆಗಳಲ್ಲಿ ಅಂತರ್ಜಾಲವನ್ನು ಹೊರುತ್ತಿರುವುದು.

ದೇವರ ದೀಪಕ್ಕೆ ಬತ್ತಿ ಹೊಸೆಯುವಂತೆ ಎರಡು ತಂತಿಗಳನ್ನು ಹೊಸೆದಾಗ, ಹೊರಗಿನಿಂದ ಬರುವ ವಿದ್ಯುತ್ಬಾಧೆಗೆ ಒಮ್ಮೆ ಒಂದು ತಂತಿ ಹತ್ತಿರವಾಗಿದ್ದರೆ ಮರುಸುತ್ತಿನಲ್ಲಿ ಮತ್ತೊಂದು ಹತ್ತಿರವಾಗುತ್ತದೆ. ಒಟ್ಟಿನಲ್ಲಿ ಎರಡರ ಮೇಲೂ ಆ ಬಾಧೆ ಸಮನಾಗಿ ಬೀಳುತ್ತದೆ. ಕೇಳುವ ತುದಿಯಲ್ಲಿರುವ ಯಂತ್ರವು ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರವೇ ಗಣಿಸುವುದರಿಂದ, ಎರಡಕ್ಕೂ ಸಮಾನವಾದದ್ದು ತಾನಾಗಿಯೇ ಕಳೆದುಹೋಗಿ, ನಾವು ಕಳುಹಿಸಿದ ಸಂಜ್ಞೆ ಮಾತ್ರ ಉಳಿಯುತ್ತದೆ. ಕಂಬಗಳ ಮೇಲೆ ಬೋಳುತಂತಿಗಳನ್ನು ಕಟ್ಟಿದ್ದ ದೂರದ ಮಾರ್ಗಗಳಲ್ಲಿ ಕೆಲವು ಕಂಬಗಳಿಗೊಮ್ಮೆ ಎರಡೂ ತಂತಿಗಳ ಸ್ಥಾನವನ್ನು ಅದಲುಬದಲು ಮಾಡುತ್ತಿದ್ದುದು ಇದೇ ತತ್ತ್ವದಿಂದ. ಇಂದಿನ ಲ್ಯಾನ್ ಕೇಬಲೊಂದರ ಹೊರಗವಚವನ್ನು ಒಂದು ಗೇಣಿನಷ್ಟು ಸೀಳಿ ನೋಡಿದರೆ, ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣಗಳ ನಾಲ್ಕು ತಂತಿಗಳೂ, ಅವುಗಳಿಗೆ ಜೊತೆಯಾಗಿ ಅದೇ ಬಣ್ಣದ ಗೆರೆಯನ್ನು ಹೊತ್ತ ನಾಲ್ಕು ಬಿಳಿಯ ತಂತಿಗಳೂ ಜೋಡಿಜೋಡಿಯಾಗಿ ಹೊಸೆದುಕೊಂಡಿರುವುದು ಕಾಣುತ್ತದೆ; ಒಂದೊಂದರೊಳಗಣ ತಾಮ್ರದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಇನ್ನೂ ಸಾವಧಾನವಾಗಿ ದಿಟ್ಟಿಸಿದರೆ, ನಾಲ್ಕು ಜೋಡಿಗಳ ಹೊಸೆತ ಒಂದೇ ತೆರನಲ್ಲ, ಒಂದು ಬಿಗಿಯಾಗಿ ಇನ್ನೊಂದು ಸಡಿಲವಾಗಿ ಸುತ್ತಿಕೊಂಡಿದೆ ಎಂಬುದು ತಿಳಿಯುತ್ತದೆ. ಎಲ್ಲವೂ ಒಂದೇ ಲಯದಲ್ಲಿ ಸುತ್ತಿಕೊಂಡಿದ್ದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಯಲ್ಲಿ ಕೇಳಿಸುತ್ತಿತ್ತು. ಅದನ್ನು ತಪ್ಪಿಸುವುದಕ್ಕಾಗಿಯೇ ಈ ವೈವಿಧ್ಯ.

ನಮ್ಮ ನಾಡಿನ ಮನೆಗಳಿಗೆ ತಂತಿಯು ಮೊದಲು ಪ್ರವೇಶಿಸಿದ್ದು ಬೆಳಕಿನ ನಿಮಿತ್ತವಾಗಿ. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಹರಿದುಬಂದ ಮೇಲೆ, ಗೋಡೆಯ ಮೇಲೆ ಮರದ ಪಟ್ಟಿಗಳನ್ನು ಬಡಿದು ಅವುಗಳಗುಂಟ ತಂತಿಗಳನ್ನು ತಗಡಿನ ಕ್ಲಿಪ್ಪುಗಳಿಂದ ಬಿಗಿದುಕೊಂಡು ಹೋಗುವ ಕಸುಬು ಇಲ್ಲಿ ಬೆಳೆಯಿತು. ಹಳೆಯ ಮನೆಗಳ ಸೂರಿನ ಕೆಳಗೆ ಆ ಪಟ್ಟಿಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ದೂರವಾಣಿಯ ವಿನಿಮಯ ಕೇಂದ್ರಗಳು ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ 1882ರಷ್ಟು ಹಿಂದೆಯೇ ತೆರೆದಿದ್ದರೂ, ಸ್ವಾತಂತ್ರ್ಯಾನಂತರ 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಗಿ ದೂರವಾಣಿಯ ಉಪಕರಣಗಳು ಈ ನೆಲದಲ್ಲಿಯೇ ತಯಾರಾಗತೊಡಗಿದರೂ, ಸಾಮಾನ್ಯ ಗೃಹಸ್ಥನ ಹಜಾರಕ್ಕೆ ಫೋನು ಬರಲು ಬಹುಕಾಲ ಹಿಡಿಯಿತು. ಹಾಗೆ ಬಂದ ಫೋನಿನಿಂದ ಮಲಗುವ ಕೋಣೆಗೆ ಇನ್ನೊಂದು ಜೋಡಿತಂತಿಯನ್ನೆಳೆದು ಎರಡನೆಯ ಉಪಕರಣವನ್ನಿಟ್ಟುಕೊಂಡಾಗಲೇ, ಸಂದೇಶವನ್ನು ದೂರದ ಕೋಣೆಗೆ ಮುಟ್ಟಿಸುವ ಪ್ರಶ್ನೆ ನಮ್ಮ ಮನೆಗಳಲ್ಲಿ ಮೊತ್ತಮೊದಲು ಎದ್ದುದು ಮತ್ತು ಬಗೆಹರಿದುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದುಕೊಟ್ಟಾಗಲೂ ಅದು ಬಂದದ್ದು ಆ ಜೋಡಿತಂತಿಯ ಮೂಲಕವೇ. ಆದುದರಿಂದ ಫೋನು ಎಲ್ಲಿತ್ತೋ ಗಣಕಯಂತ್ರವೂ ಅಲ್ಲಿಯೇ ಕುಳಿತುಕೊಳ್ಳಬೇಕಾಯಿತು. ಮುಂದಿನ ದಶಕದಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ, ಅದೇ ತಾಮ್ರದಲ್ಲಿ ಮಾತು ಕೆಳಗಿನ ಆವರ್ತನಗಳಲ್ಲಿಯೂ ಮಾಹಿತಿ ಮೇಲಿನ ಆವರ್ತನಗಳಲ್ಲಿಯೂ ಏಕಕಾಲಕ್ಕೆ ಸಂಚರಿಸಿದುವು. ಎರಡನ್ನೂ ಬೇರ್ಪಡಿಸಲು ಗೋಡೆಯ ಬಳಿ ಒಂದು ಪುಟ್ಟ ಸ್ಪ್ಲಿಟರ್ ಬಂದು ಸೇರಿತು.

ಗಣಕಯಂತ್ರಗಳನ್ನು ಒಂದೇ ಕಟ್ಟಡದೊಳಗೆ ಪರಸ್ಪರ ಮಾತನಾಡಿಸುವ ವಿದ್ಯೆಯು ಇದಕ್ಕೂ ಹಿಂದೆ ಬೇರೊಂದು ದಾರಿಯಲ್ಲಿ ಬೆಳೆಯುತ್ತಿದ್ದಿತು. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯೊಂದರಲ್ಲಿ ಈಥರ್ನೆಟ್ಟಿನ ಕಲ್ಪನೆ ರೂಪುಗೊಂಡಿತು; ಅದನ್ನು ಕಾರ್ಯರೂಪಕ್ಕೆ ತರುವುದರಲ್ಲಿ ಮೆಟ್ಕಾಫ್ ಅವರಿಗೆ ಡೇವಿಡ್ ಬಾಗ್ಸ್ ಜೊತೆಯಾದರು. ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ರೇಡಿಯೋ ಮೂಲಕ ನಡೆಸಿದ್ದ ಅಲೋಹಾ ಜಾಲವೇ ಇದಕ್ಕೆ ಪ್ರೇರಣೆಯೆಂಬುದು ಗಮನಾರ್ಹ: ಬಯಲಿನಲ್ಲಿ ಎಲ್ಲರೂ ಹಂಚಿಕೊಳ್ಳುತ್ತಿದ್ದ ಅಲೆಗಳ ಸ್ಥಾನದಲ್ಲಿ ಇಲ್ಲಿ ಎಲ್ಲರೂ ಹಂಚಿಕೊಳ್ಳುವ ಒಂದು ಕೋ-ಆಕ್ಸಿಯಲ್ ಕೇಬಲ್ ಬಂದಿತು. ಸೆಕೆಂಡಿಗೆ 2.94 ಮೆಗಾಬಿಟ್ ವೇಗದಿಂದ ಆರಂಭವಾದ ಈ ವ್ಯವಸ್ಥೆಯು, 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಈ ಮೂರು ಸಂಸ್ಥೆಗಳು ಒಡಗೂಡಿ ಪ್ರಕಟಿಸಿದ ನಿಯಮಾವಳಿಯಿಂದ 10 ಮೆಗಾಬಿಟ್ಟಿಗೆ ಏರಿತು.

ಆ ಕಾಲದ ಕೇಬಲ್ ಬೆರಳುಗಾತ್ರದ್ದು, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಬಾಗಿಸಿದರೆ ಸುಲಭವಾಗಿ ಬಾಗದಂಥದು. ಒಂದು ತುಂಡು 500 ಮೀಟರುಗಳವರೆಗೆ ಹೋಗಬಹುದಾಗಿತ್ತು. ಅದರ ಮೈಮೇಲೆ ಎರಡೂವರೆ ಮೀಟರಿಗೊಂದರಂತೆ ಗುರುತುಗಳಿದ್ದು, ಆ ಗುರುತಿನಲ್ಲಿ ಮಾತ್ರವೇ ಕವಚವನ್ನು ಕೊರೆದು ನಡುವಣ ತಾಮ್ರಕ್ಕೆ ಸೂಜಿಯನ್ನು ಮುಟ್ಟಿಸಿ ಹೊಸದೊಂದು ಯಂತ್ರವನ್ನು ಸೇರಿಸಬೇಕಾಗಿತ್ತು. ಆಮೇಲೆ ಬಂದ ತೆಳುವಾದ ಕೇಬಲ್ 185 ಮೀಟರಿನವರೆಗೆ ಯಂತ್ರದಿಂದ ಯಂತ್ರಕ್ಕೆ ಸಾಗಿ, ಎರಡು ಕೊನೆಗಳಲ್ಲಿಯೂ 50 ಓಮಿನ ಮುಚ್ಚಳವನ್ನು ಬಯಸುತ್ತಿತ್ತು. ಕಸ ಗುಡಿಸುವಾಗ ಯಾರೋ ಮೇಜನ್ನು ಸರಿಸಿ ಒಂದು ಕೊಂಡಿ ಕಳಚಿತೆಂದರೆ, ಆ ಸಾಲಿನಲ್ಲಿದ್ದ ಸಮಸ್ತ ಯಂತ್ರಗಳೂ ಒಮ್ಮೆಗೇ ಮೂಕವಾಗುತ್ತಿದ್ದುವು. ಭಾರತದಲ್ಲಿ 1986ರಲ್ಲಿ ಎರ್ನೆಟ್ ಯೋಜನೆ ಆರಂಭವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐ.ಐ.ಟಿ.ಗಳೂ ಜಾಲವಿದ್ಯೆಯನ್ನು ಇಲ್ಲಿ ನೆಲೆಗೊಳಿಸತೊಡಗಿದ ಕಾಲವೂ ಅದೇ. ಸಂಸ್ಥೆಗಳಲ್ಲಿ ಹೀಗೆ ಕಷ್ಟಪಟ್ಟು ನಿಭಾಯಿಸಬಹುದಾಗಿದ್ದ ಈ ವ್ಯವಸ್ಥೆ ಮನೆಗಳಿಗೆ ಒಗ್ಗುವಂತಿರಲಿಲ್ಲ.

ಕಚೇರಿಗಳ ಪ್ರತಿಯೊಂದು ಮೇಜಿಗೂ ದೂರವಾಣಿಯ ಹೊಸೆದ ಜೋಡಿತಂತಿಗಳು ಆಗಲೇ ಹೋಗಿವೆಯಲ್ಲ, ಅವುಗಳಲ್ಲಿಯೇ ಈಥರ್ನೆಟ್ಟನ್ನು ಏಕೆ ಹರಿಸಬಾರದು ಎಂಬ ಆಲೋಚನೆ ಬಂದದ್ದೇ ಈ ಚರಿತ್ರೆಯ ತಿರುವು. 1990ರಲ್ಲಿ ಅದು ಮಾನಕವಾಗಿ ಅಂಗೀಕೃತವಾಯಿತು. ಒಂದೇ ಕೇಬಲನ್ನು ಎಲ್ಲರೂ ಹಂಚಿಕೊಳ್ಳುವ ಬದಲು ನಡುವೆ ಒಂದು ಪೆಟ್ಟಿಗೆ, ಅದರಿಂದ ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕವಾದ ತಂತಿ. ಒಂದು ತುಂಡಾದರೆ ಒಂದೇ ಯಂತ್ರಕ್ಕೆ ನಷ್ಟ, ಉಳಿದವು ನಿಶ್ಚಿಂತೆ. ತೆಳ್ಳನೆಯ ತಾಮ್ರದಲ್ಲಿ ಸಂಜ್ಞೆ ಕ್ಷೀಣಿಸುವುದರಿಂದ 100 ಮೀಟರು ಅದಕ್ಕೆ ಗಡಿಯಾಯಿತು: ಗೋಡೆಯೊಳಗೆ 90 ಮೀಟರು, ಎರಡು ತುದಿಗಳ ಸಡಿಲತಂತಿಗಳಿಗೆ 10 ಮೀಟರು ಎಂದು ಅದನ್ನು ಹಂಚಿದರು. ಎಷ್ಟೇ ವಿಸ್ತಾರವಾದ ತೊಟ್ಟಿಮನೆಯಾದರೂ ಅದರ ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಈ ಅಳತೆ ಧಾರಾಳವಾಗಿ ಸಾಕು. ಇದೇ ಬಗೆಯ ಹೊಸೆದ ಜೋಡಿಗಳು 1995ರಲ್ಲಿ 100 ಮೆಗಾಬಿಟ್ಟನ್ನೂ, ನಾಲ್ಕು ಜೋಡಿಗಳನ್ನೂ ಒಟ್ಟಿಗೆ ದುಡಿಸುವ ಉಪಾಯದಿಂದ 1999ರಲ್ಲಿ 1000 ಮೆಗಾಬಿಟ್ಟನ್ನೂ ಹೊತ್ತುವು.

ಮನೆಗಳಲ್ಲಿ ಹೊಸ ತಂತಿಯನ್ನೆಳೆಯಲು ಗೋಡೆ ಕೆಡವಬೇಕಲ್ಲ ಎಂಬ ಸಂಕೋಚದಿಂದ, ಇರುವ ತಂತಿಗಳನ್ನೇ ಬಳಸುವ ಪ್ರಯತ್ನಗಳೂ ನಡೆದುವು. 1998ರಲ್ಲಿ ಹುಟ್ಟಿದ ಹೋಂ-ಪಿ.ಎನ್.ಎ. ಕೂಟವು ಮನೆಯೊಳಗಣ ದೂರವಾಣಿಯ ತಂತಿಯನ್ನೂ, 2001ರಲ್ಲಿ ತನ್ನ ಮೊದಲ ನಿಯಮಾವಳಿಯನ್ನು ಪ್ರಕಟಿಸಿದ ಹೋಂಪ್ಲಗ್ ಕೂಟವು ವಿದ್ಯುತ್ತಿನ ತಂತಿಯನ್ನೂ, 2004ರಲ್ಲಿ ರೂಪುಗೊಂಡ ಮೋಕಾ ಕೂಟವು ಟಿ.ವಿ.ಯ ಕೋ-ಆಕ್ಸಿಯಲ್ ಕೇಬಲನ್ನೂ ಈ ಕೆಲಸಕ್ಕೆ ಹಚ್ಚಿದುವು. ಕೋಣೆಕೋಣೆಗೂ ಟಿ.ವಿ. ಕೇಬಲ್ ಇರುವ ಅಮೆರಿಕದ ಮನೆಗಳಲ್ಲಿ ಕೊನೆಯದು ಚೆನ್ನಾಗಿ ನಡೆಯಿತು. ನಮ್ಮಲ್ಲಿ ಆ ಕೇಬಲ್ ಸಾಮಾನ್ಯವಾಗಿ ಹಜಾರದ ಟಿ.ವಿ.ಯ ಬಳಿಯೇ ನಿಲ್ಲುವುದರಿಂದ ಅದಕ್ಕೆ ಎಡೆಯಿಲ್ಲ. ವಿದ್ಯುತ್ತಿನ ತಂತಿ ಪ್ರತಿ ಕೋಣೆಯಲ್ಲಿಯೂ ಇದೆಯೆಂಬುದು ನಿಜ. ಆದರೆ ಎರಡು ಕೋಣೆಗಳು ಬೇರೆ ಬೇರೆ ಫೇಸಿನಲ್ಲಿದ್ದರೆ, ಅಥವಾ ನಡುವೆ ಇನ್ವರ್ಟರ್ ಬಂದರೆ, ಸಂಜ್ಞೆ ಬಲಹೀನವಾಗುತ್ತದೆ. 1997ರಲ್ಲಿ ಮಾನಕವಾದ ವೈಫೈ ತಂತಿಯ ಹಂಗನ್ನೇ ಕಳೆಯಿತೆಂದು ಲೋಕ ಸಂತೋಷಿಸಿದ್ದು ಸಹಜ. ಆದರೂ ಇಂದು ದೊಡ್ಡ ಮನೆಗಳಲ್ಲಿಡುವ ಮೆಶ್ ಪೆಟ್ಟಿಗೆಗಳು ಸಹ, ಒಂದರಿಂದೊಂದಕ್ಕೆ ತಂತಿಯ ಬೆಂಬಲವಿದ್ದಾಗಲೇ ತಮ್ಮ ಪೂರ್ಣಶಕ್ತಿಯನ್ನು ತೋರುತ್ತವೆ.

ಹೀಗೆ ಸುತ್ತಿ ಬಳಸಿ ಮತ್ತೆ ಹೊಸೆದ ತಾಮ್ರಕ್ಕೇ ಬಂದು ನಿಲ್ಲುವಾಗ, ಅದನ್ನು ಗೋಡೆಗೆ ತರುವವನ ಕೈಚಳಕವನ್ನು ನಾವು ಗೌರವಿಸಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಂಟು ತಂತಿಗಳನ್ನು ಹೆಬ್ಬೆರಳ ಕೆಳಗೆ ನೆಟ್ಟಗೆ ನೀವಿ, ಸಮನಾಗಿ ಕತ್ತರಿಸಿ, ಕನೆಕ್ಟರಿಗೆ ತೂರಿಸಿ, ಇಕ್ಕಳದಿಂದ ಒಮ್ಮೆ ಬಲವಾಗಿ ಒತ್ತುವುದು ಕ್ಷಣಮಾತ್ರದ ಕೆಲಸವಾಗಿ ಕಂಡರೂ, ಬಲ್ಲವನು ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚುವುದಿಲ್ಲ. ಬಿಚ್ಚಿದಷ್ಟೂ ಆ 1881ರ ರಕ್ಷೆ ನಷ್ಟವಾಗುತ್ತದೆ. ಎಂಟರಲ್ಲಿ ನಾಲ್ಕನ್ನೇ ಜೋಡಿಸಿ ಕೈತೊಳೆದುಕೊಂಡರೆ ಸಂಪರ್ಕವೇನೋ ಬರುವುದು, ಆದರೆ ವೇಗ 100 ಮೆಗಾಬಿಟ್ಟಿಗೇ ನಿಂತುಬಿಡುವುದು. ತಾಮ್ರದ ಲೇಪವನ್ನು ಮಾತ್ರ ಹೊಂದಿದ ಅಲ್ಯೂಮಿನಿಯಂ ಕೇಬಲನ್ನು ಅಗ್ಗವೆಂದು ಕೊಳ್ಳುವುದು, ವಿದ್ಯುತ್ತಿನ ತಂತಿಯ ಜೊತೆಯಲ್ಲಿ ಒಂದೇ ಪೈಪಿನೊಳಗೆ ಇದನ್ನೂ ತುರುಕುವುದು, ಇವೆರಡೂ ಬಲ್ಲವರು ಮಾಡದ ಕೆಲಸಗಳು. ಮನೆಯಿಂದ ತೋಟದ ಮನೆಗೋ ಹೊರಗಣ ಕಟ್ಟಡಕ್ಕೋ ಸಂಪರ್ಕ ಬೇಕಾದಾಗ ತಾಮ್ರಕ್ಕಿಂತ ಗಾಜಿನ ಎಳೆ ಮೇಲು. ಅದು ವಿದ್ಯುತ್ತನ್ನು ಒಯ್ಯದಾದ್ದರಿಂದ, ಮುಂಗಾರಿನ ಮೊದಲ ಗುಡುಗಿನಲ್ಲಿ ಸಿಡಿಲಿನ ಪೆಟ್ಟು ಅದರ ಮೂಲಕ ರೂಟರಿಗೆ ಹರಿಯಲಾರದು.

ಈ ಚರಿತ್ರೆಯನ್ನೆಲ್ಲ ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಂದು ತಲೆಮಾರು ತನ್ನ ಪ್ರಯೋಜನಕ್ಕಾಗಿ ಹಾಕಿದ ತಂತಿಯನ್ನು ಮುಂದಿನ ತಲೆಮಾರು ಹಿಂದಿನವರು ಎಣಿಸಿರದ ಕಾರ್ಯಕ್ಕೆ ಬಳಸಿಕೊಂಡಿದೆ, ಹಾಕಿದವರಿಗೆ ಆ ಭವಿಷ್ಯ ತಿಳಿದಿರಲಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ನಾವು ಹಾಕುವ ತಾಮ್ರಕ್ಕೂ ಒಂದು ದಿನ ವಯಸ್ಸಾಗುವುದು. ಅದರ ಸ್ಥಾನಕ್ಕೆ ಬರುವುದು ಗಾಜೋ ಮತ್ತೊಂದೋ ನಾವು ಹೇಳಲಾರೆವು. ಆದರೆ ಅದಕ್ಕೆ ಗೋಡೆಯಲ್ಲಿ ದಾರಿಯನ್ನು ಬಿಟ್ಟುಕೊಡುವುದು ನಮ್ಮ ಕೈಯಲ್ಲಿದೆ. ಹೊಸ ಮನೆ ಕಟ್ಟಿಸುವವರು ಗಾರೆಯ ಕೆಲಸಕ್ಕೆ ಮುನ್ನ, ವಿದ್ಯುತ್ತಿನ ಪೈಪಿನಿಂದ ದೂರವಾಗಿ, ಹಜಾರದಿಂದ ಪ್ರತಿಯೊಂದು ಕೋಣೆಗೂ ಖಾಲಿ ಪೈಪೊಂದನ್ನು ಹುದುಗಿಸಿ, ಅದರೊಳಗೆ ಎಳೆಯಲು ಅನುಕೂಲವಾಗುವಂತೆ ಒಂದು ನೈಲಾನ್ ಹುರಿಯನ್ನು ಬಿಡಲಿ. ಇದಕ್ಕೆ ತಗಲುವ ವೆಚ್ಚ ಒಂದು ಬಾಗಿಲಿನ ಚಿಲಕ ಬೀಗಗಳ ಲೆಕ್ಕಕ್ಕೂ ಸಮನಾಗುವುದೋ ಇಲ್ಲವೋ. ಹಳೆಯ ಮನೆಯವರು ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕೇಸಿಂಗ್ ಪಟ್ಟಿಯೊಳಗೆ ತಂತಿಯನ್ನು ಒಯ್ಯಲಿ. ಅದು ನೋಟಕ್ಕೆ ಕುಂದಲ್ಲ. ಬೆಳಕನ್ನು ಒಳಕೋಣೆಗೆ ಒಯ್ಯಲು ನಮ್ಮ ಹಿರಿಯರು ಮರದ ಪಟ್ಟಿಗಳನ್ನು ಬಡಿಸಿದ್ದು ಎಷ್ಟು ಯೋಗ್ಯವಾದ ಕಾರ್ಯವೋ, ಓದುವ ಮಗುವಿನ ಮೇಜಿಗೆ ಅಂತರ್ಜಾಲವನ್ನು ಒಯ್ಯುವುದೂ ಅಷ್ಟೇ ಯೋಗ್ಯವಾದ ಕಾರ್ಯ, ಮತ್ತು ಅದನ್ನು ಅಷ್ಟೇ ಶ್ರದ್ಧೆಯಿಂದ ಮಾಡತಕ್ಕದ್ದು.